ಮಳೆ ಎಷ್ಟು ಬರುತ್ತೆ? ಬಂದರೆ ನಮಗೇನಾಗುತ್ತೆ?



ಮಳೆಗಾಲದಲ್ಲಿ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ "ನಾಳೆ ರೆಡ್ ಅಲರ್ಟ್" ಅಂತ ಬರುತ್ತದೆ. ನಾವು ಏನು ಮಾಡುತ್ತೇವೆ? "ಹೋದ ಸಲಾನೂ ಹೀಗೇ ಹೇಳಿದ್ರು, ನಾಲ್ಕು ಹನಿ ಬೀಳಲಿಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಆ ಬಣ್ಣದ ಹಿಂದೆ ಒಂದು ಲೆಕ್ಕ ಇದೆ. ಅದರಲ್ಲಿ ಅರ್ಧವನ್ನು ಹವಾಮಾನ ಇಲಾಖೆ ಮಾಡುತ್ತದೆ. ಉಳಿದರ್ಧ ಮಾಡಬೇಕಾದವರು ನಾವು.

ಬಣ್ಣ ಏನು ಹೇಳುತ್ತದೆ?

ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಭಾರಿ ಮಳೆ. 115.5 ದಾಟಿದರೆ ಅತಿ ಭಾರಿ ಮಳೆ. 204.4 ದಾಟಿದರೆ ಅದಕ್ಕಿಂತಲೂ ಮೇಲಿನದು, ವಿಪರೀತ ಮಳೆ. "ಮಿಲಿಮೀಟರ್ ಅಂದ್ರೆ ನಮಗೇನು ಗೊತ್ತಾಗುತ್ತೆ?" ಅಂತ ಕೇಳಬಹುದು. ಕೊಡದ ಲೆಕ್ಕದಲ್ಲಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲದ ಅಂಗಳದ ಮೇಲೆ 204 ಮಿ.ಮೀ. ಮಳೆ ಬಿದ್ದರೆ ಸುಮಾರು 1,900 ಲೀಟರ್ ನೀರು. ಅಂದರೆ 15 ಲೀಟರಿನ ಕೊಡದಲ್ಲಿ ಸುಮಾರು 125 ಕೊಡ. ಇದು ಒಂದು ಸಣ್ಣ ಅಂಗಳದ ಲೆಕ್ಕ. ಇಡೀ ಗುಡ್ಡದ ನೀರು ಒಂದೇ ಹಳ್ಳಕ್ಕೆ ಇಳಿದರೆ ಏನಾಗಬಹುದು, ನೀವೇ ಯೋಚಿಸಿ.

ಹಳದಿ ಅಂದರೆ ಗಮನವಿರಲಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಕಾಯಬೇಡಿ, ಮಾಡಬೇಕಾದ್ದನ್ನು ಈಗಲೇ ಮಾಡಿ.

ಹೇಳಿದ ಮಳೆ ಕೆಲವೊಮ್ಮೆ ಯಾಕೆ ಬರುವುದಿಲ್ಲ?

ಉಪಗ್ರಹ, ರೇಡಾರ್, ಮಳೆಮಾಪಕಗಳಿಂದ ಬಂದ ಮಾಹಿತಿಯನ್ನು ದೊಡ್ಡ ಕಂಪ್ಯೂಟರಿಗೆ ಕೊಡುತ್ತಾರೆ. ಅದು ಒಂದೇ ಲೆಕ್ಕವನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಸಲ ಮಾಡುತ್ತದೆ. ಹೆಚ್ಚಿನ ಸಲ "ಭಾರಿ ಮಳೆ" ಎಂದೇ ಉತ್ತರ ಬಂದರೆ ಸಾಧ್ಯತೆ ಹೆಚ್ಚು ಎಂದರ್ಥ. ಅದು ಸಾಧ್ಯತೆಯೇ ಹೊರತು ಮಾತು ಕೊಟ್ಟಂತೆ ಅಲ್ಲ. ಜಿಲ್ಲೆಗೆ ಹೇಳಿದ ಮಳೆ ನಮ್ಮೂರು ಬಿಟ್ಟು ಪಕ್ಕದ ಹೋಬಳಿಯಲ್ಲಿ ಸುರಿಯಬಹುದು. ಒಂದು ಸಲ ತಪ್ಪಿತು ಅಂತ ಮುಂದಿನ ಸಲ ನಂಬದೇ ಇರಬಾರದು.

ಹಾಗಾದರೆ ಮೂವತ್ತು ವರ್ಷದ ಮುಂದಿನದನ್ನು ಹೇಗೆ ಹೇಳುತ್ತಾರೆ? ನಮ್ಮ ಉಳಿತಾಯದ ಪುಸ್ತಕ ನೆನಪಿಸಿಕೊಳ್ಳಿ. ಮುಂದಿನ ವಾರ ಯಾರು ಕಂತು ತಪ್ಪಿಸುತ್ತಾರೆ ಅಂತ ಹೇಳುವುದು ಕಷ್ಟ. ಆದರೆ ಹತ್ತು ವರ್ಷದ ಪುಸ್ತಕ ನೋಡಿದರೆ ಸಂಘ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಹವಾಮಾನವೂ ಹಾಗೆಯೇ. ದಿನದ ಮಳೆ ಬೇರೆ, ವರ್ಷಗಳ ದಾರಿ ಬೇರೆ.

ಆ ದಾರಿ ಈಗ ಸ್ಪಷ್ಟವಾಗಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ. ಬಿಸಿಲಿದ್ದ ದಿನ ಬಟ್ಟೆ ಬೇಗ ಒಣಗುತ್ತದಲ್ಲಾ? ಆ ನೀರು ಗಾಳಿಗೆ ಸೇರುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7 ಪಾಲು ಹೆಚ್ಚು ತೇವ ಹಿಡಿಯಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿಸಿದಾಗ ಹಿಂದಿಗಿಂತ ಜೋರು ಮಳೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದು, 2024ರ ಜುಲೈ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದದ್ದು ನಮಗೆ ಮರೆತಿಲ್ಲ. ವಯನಾಡಿನ ಆ ಮಳೆಯನ್ನು ಪರಿಶೀಲಿಸಿದ ವಿಜ್ಞಾನಿಗಳು, ಭೂಮಿ ಬಿಸಿಯಾದ ಕಾರಣ ಅದು ನೂರಕ್ಕೆ ಸುಮಾರು 10 ಪಾಲು ಹೆಚ್ಚು ಜೋರಾಗಿತ್ತು ಎಂದು ಅಂದಾಜು ಮಾಡಿದ್ದಾರೆ.

ಅಪಾಯ ಒಂದೇ, ನಷ್ಟ ಬೇರೆ ಬೇರೆ

ಮಳೆ ಎಲ್ಲರ ಮೇಲೂ ಒಂದೇ ರೀತಿ ಬೀಳುತ್ತದೆ. ದಿಬ್ಬದ ಮೇಲೆ ತಾರಸಿ ಮನೆ ಇರುವವರು ಬಾಗಿಲು ಹಾಕಿ ಮಲಗುತ್ತಾರೆ. ಹಳ್ಳದ ಪಕ್ಕ ಮಣ್ಣಿನ ಗೋಡೆಯ ಮನೆಯವರು ಗೋಡೆ, ಕೋಳಿ, ರೇಷನ್ ಕಾರ್ಡ್ ಎಲ್ಲ ಕಳೆದುಕೊಳ್ಳುತ್ತಾರೆ. ಆದ್ದರಿಂದ ವಿಜ್ಞಾನಿಗಳು ನಷ್ಟವನ್ನು ಅಂದಾಜು ಮಾಡುವಾಗ ಮೂರು ವಿಷಯ ನೋಡುತ್ತಾರೆ: ಅಪಾಯ ಎಷ್ಟು ದೊಡ್ಡದು, ಅದರ ದಾರಿಯಲ್ಲಿ ಯಾರಿದ್ದಾರೆ, ಅವರಿಗೆ ತಾಳಿಕೊಳ್ಳುವ ಶಕ್ತಿ ಎಷ್ಟಿದೆ. ಮೊದಲನೆಯದನ್ನು ನಾವು ತಡೆಯಲಾರೆವು. ಉಳಿದೆರಡನ್ನು ಬದಲಾಯಿಸಬಹುದು.

ಇದಕ್ಕೆ ಒಡಿಶಾ ಸಾಕ್ಷಿ. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. ಆಮೇಲೆ ಕರಾವಳಿಯಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಊರೂರಲ್ಲಿ ಜನರಿಗೆ ತರಬೇತಿ ಕೊಟ್ಟರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಭೀಕರ ಚಂಡಮಾರುತ ಬಂತು. ಮೊದಲೇ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ಸತ್ತವರು 50ಕ್ಕಿಂತ ಕಡಿಮೆ. ಗಾಳಿ ಜೋರಾಗಿಯೇ ಇತ್ತು, ಜನ ಮಾತ್ರ ಅದರ ದಾರಿಯಲ್ಲಿ ಇರಲಿಲ್ಲ.

ನಮ್ಮ ಪಾಲಿನ ಅರ್ಧ

ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಅಜ್ಜಿಗೆ ಕಿವಿ ಕೇಳಿಸದು, ಯಾರ ಕೊಟ್ಟಿಗೆ ಹಳ್ಳದ ಅಂಚಿನಲ್ಲಿದೆ ಅನ್ನೋದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಸಂಘದ ಹೆಂಗಸರಿಗೆ ಗೊತ್ತು. ಒಬ್ಬ ಸದಸ್ಯೆ ಸಾಲ ತೆಗೆದು ಕೊಂಡ ಹಸು ನೀರಿನಲ್ಲಿ ಹೋದರೆ, ಹಸು ಹೋದರೂ ಸಾಲ ಉಳಿಯುತ್ತದೆ. ಅದು ಇಡೀ ಸಂಘದ ಚಿಂತೆ. ಆದ್ದರಿಂದ ಈ ಲೆಕ್ಕವೂ ಸಂಘದ ಕೆಲಸವೇ.

ಮುಂದಿನ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಊರಲ್ಲಿ ನೀರು ಮೊದಲು ನುಗ್ಗುವ ಮನೆಗಳು ಯಾವುವು? ಅಲ್ಲಿ ತಾವಾಗಿ ನಡೆಯಲಾರದವರು ಯಾರಿದ್ದಾರೆ?

2. ಎಚ್ಚರಿಕೆ ಬಂದರೆ ಯಾರು ಯಾರ ಮನೆಗೆ ಹೋಗಿ ತಿಳಿಸಬೇಕು? ರಾತ್ರಿ ಎಲ್ಲಿ ಉಳಿಯಬೇಕು?

3. ಆಧಾರ್, ರೇಷನ್ ಕಾರ್ಡ್, ಪಾಸ್ ಪುಸ್ತಕ, ಸಂಘದ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿ ಇಟ್ಟಿದ್ದೇವೆಯೇ?

4. ಸಾಲದಲ್ಲಿ ಕೊಂಡ ದನಗಳಿಗೆ ವಿಮೆ ಮಾಡಿಸಿದ್ದೇವೆಯೇ?

5. ಗುಡ್ಡದ ಕೆಳಗಿನವರು: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾದ ಹಳ್ಳದ ನೀರು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಮನೆ ಬಿಟ್ಟು ಹೊರಡಿ, ಪಂಚಾಯಿತಿಗೆ ತಿಳಿಸಿ.

ಹತ್ತು ಸಲ ಹೊರಟು ಒಂಬತ್ತು ಸಲ ಏನೂ ಆಗದೆ ವಾಪಸ್ ಬಂದರೆ ಅದು ನಷ್ಟವಲ್ಲ. ಹತ್ತನೆಯ ಸಲ ಎಲ್ಲರೂ ಉಳಿದರಲ್ಲ, ಅದೇ ಲಾಭ.