ಒಬ್ಬರಿಂದ ಮುಗಿಯದ ಆಟ ಪೋಕೆಮಾನ್

ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕಾಗಿ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ‘ಪೋಕೆಮಾನ್’ ವಿಡಿಯೊ ಗೇಮ್ ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳಲ್ಲಿ ಬಿಡುಗಡೆಯಾಯಿತು. ಬಾಲ್ಯದಲ್ಲಿ ಕೀಟ ಸಂಗ್ರಹಿಸುತ್ತಿದ್ದ ಸತೋಶಿ ತಾಜಿರಿ ಇದರ ಜನಕ.

ಆಟಗಾರ ಕಾಡುಜೀವಿಗಳನ್ನು ಹಿಡಿದು ಪಳಗಿಸಿ, ಎಂಟು ಪದಕ ಗೆದ್ದು, ಕೊನೆಗೆ ಚಾಂಪಿಯನ್‌ನನ್ನು ಮಣಿಸಬೇಕು. ಅಲ್ಲಿಗೆ ಕಥೆ ಮುಗಿದರೂ ಸಂಗ್ರಹ ಮುಗಿಯದು. ಕೆಲವು ಜೀವಿಗಳು ಒಂದೇ ಆವೃತ್ತಿಯಲ್ಲಿ ಸಿಗುತ್ತವೆ. ಕಡಾಬ್ರಾದಂಥವು ಕೈ ಬದಲಾದಾಗಲಷ್ಟೇ ರೂಪಾಂತರ ಹೊಂದುತ್ತವೆ. ಎರಡು ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸಿ ವಿನಿಮಯ ಮಾಡಿಕೊಳ್ಳದೆ 150 ಜೀವಿಗಳ ಪಟ್ಟಿ ತುಂಬದು.

ಹೀಗೆ ಕೂಡಿಟ್ಟದ್ದೂ ಶಾಶ್ವತವಲ್ಲ. ಅದನ್ನು ಕಾಯುವುದು ಕಾರ್ಟ್ರಿಜ್‌ನೊಳಗಿನ ಪುಟ್ಟ ಬ್ಯಾಟರಿ. ಅದು ಬರಿದಾದರೆ ಸಂಗ್ರಹವೆಲ್ಲ ಅಳಿಸಿಹೋಗುತ್ತದೆ. ಹೊಸ ಬ್ಯಾಟರಿ ಹಾಕಿದರೂ ಮರಳದು. ಎಂದೋ ಗೆಳೆಯನಿಗೆ ಕೊಟ್ಟ ಜೀವಿಯೊಂದು ಅವನ ಬಳಿ ಉಳಿದಿದ್ದೀತು, ಅಷ್ಟೇ.