ಸೋಫಾದ ಮೇಲೆ ಸೊಲ್ಲಾಪುರ ಚಾದರ

ಹೊಸ ಮನೆಗೆ ಪರದೆ, ಸೋಫಾ ಬಟ್ಟೆ ಆರಿಸಲು ದೊಡ್ಡ ಅಂಗಡಿಗೆ ಹೋದರೆ ಈಗ ಮಿರುಗುವ ಪಾಲಿಯೆಸ್ಟರ್‌ಗಿಂತ ಮೊದಲು ದಪ್ಪ ಹತ್ತಿ, ಲಿನನ್ ಬಟ್ಟೆಗಳನ್ನೇ ತೋರಿಸುತ್ತಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ! ಸೋಫಾದ ಬೆನ್ನಿಗೆ ಹಾಸುವ ಬಟ್ಟೆಗೆ ‘ಥ್ರೋ’ ಎಂಬ ಹೆಸರು ಬೇರೆ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ಅದಕ್ಕೆ ಸರಿಸಾಟಿಯಾದದ್ದು ಟ್ರಂಕಿನಲ್ಲೇ ಇರುತ್ತದೆ: ಸೊಲ್ಲಾಪುರ ಚಾದರ. ಜಕಾರ್ಡ್ ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕೆಂದು ತೂತು ಕೊರೆದ ರಟ್ಟುಗಳು ಹೇಳುತ್ತವೆ. ಹೂವನ್ನು ಬಟ್ಟೆಯ ಮೇಲೆ ಅಚ್ಚು ಹಾಕುವುದಲ್ಲ, ನೇಯುವಾಗಲೇ ಅದು ಮೂಡುತ್ತದೆ. ಒಂದು ಮಗ್ಗುಲಲ್ಲಿ ಕೆಂಪು ನೆಲದಲ್ಲಿ ಬಿಳಿ ಹೂ ಇದ್ದರೆ, ತಿರುವಿದಾಗ ಬಿಳಿ ನೆಲದಲ್ಲಿ ಕೆಂಪು ಹೂ. ಒಂದೇ ಚಾದರ, ಎರಡು ಅಲಂಕಾರ.

ಈ ಚಾದರಕ್ಕೂ ಅಲ್ಲಿನ ಟೆರ್ರಿ ಟವೆಲಿಗೂ 2005-06ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಬೇರೆಡೆ ತಯಾರಾದದ್ದನ್ನು ಅದೇ ಹೆಸರಿನಲ್ಲಿ ಅಗ್ಗವಾಗಿ ಮಾರುವುದುಂಟು. ಏಟು ಬೀಳುವುದು ಸೊಲ್ಲಾಪುರದ ಮಗ್ಗಗಳನ್ನೇ ನಂಬಿದ ಕುಟುಂಬಗಳಿಗೆ. ಅವರಲ್ಲಿ ಹಿಂದೆ ತೆಲುಗು ನಾಡಿನಿಂದ ಬಂದು ನೆಲೆಸಿದ ಪದ್ಮಸಾಲಿಗಳು ಬಹಳ ಮಂದಿ.

ಮದುವೆಯ ಉಡುಗೊರೆಗೆ ಕೊಳ್ಳುವಾಗ ತಿರುವಿ ನೋಡಿ. ಅಚ್ಚು ಹಾಕಿದ್ದಾದರೆ ಹಿಂಬದಿ ಪೇಲವವಾಗಿರುತ್ತದೆ. ಅಂಚಿನ ಒಂದು ಎಳೆ ಕಿತ್ತು ಸುಟ್ಟರೆ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಾಢ ಬಣ್ಣದ್ದನ್ನು ಮೊದಲೆರಡು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಿ. ನೆನೆದ ಚಾದರ ಬಲು ಭಾರ, ಹಿಂಡಲು ಇಬ್ಬರು ಬೇಕು. ಮನೆಯ ಗಂಡಸರನ್ನೂ ಕರೆಯಿರಿ!