ಎರಡನೇ ಡಿಸ್ಕ್‌ಗೆ ಲಿನಕ್ಸ್: ಮೊದಲನೆಯದನ್ನು ಬಿಚ್ಚಿಟ್ಟು ಶುರು ಮಾಡಿ

ವಿಡಿಯೋ ಪೂರ್ತಿ ನೋಡೋಕೆ ಆಗದವರಿಗೆ, ಲೋಕಲ್‌ನಲ್ಲಿ ನಿಂತುಕೊಂಡೇ ಓದೋರಿಗೆ ಈ ಬರಹ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಾನೂ ಇಲ್ಲಿ ಸೇರಿಸಿದ್ದೀನಿ.

ಮಾಜಿವಾಡಾದಲ್ಲಿ ನಮ್ಮ ಬಿಲ್ಡಿಂಗ್‌ನಲ್ಲೇ ಒಬ್ಬರು ಕಾಕಾ ಇದ್ದಾರೆ, ವಿಜಯಪುರ ಕಡೆಯವರು. ಅವರ ಲ್ಯಾಪ್‌ಟಾಪ್ ಇಂಟೆಲ್ 6ನೇ ಜನರೇಷನ್ನಿನದು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಬೇಕು ಅಂದ್ರೆ ಟಿಪಿಎಂ 2.0 ಇರಬೇಕು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ ಈಚಿನದೇ ಆಗಬೇಕು. ಮಷೀನ್ ಗಟ್ಟಿಮುಟ್ಟಾಗಿದೆ, ಎಸೆಯೋಕೆ ಮನಸ್ಸಿಲ್ಲ. ಒಳಗೆ ಎಂ.2 ಸ್ಲಾಟ್ ಒಂದು ಖಾಲಿ ಇತ್ತು. ಅದಕ್ಕೆ ಸಣ್ಣ ಎಸ್‌ಎಸ್‌ಡಿ ಹಾಕಿ ಉಬುಂಟು ಕೂರಿಸೋಣ ಅಂದೆ. ಕಾಕಾ ಹೇಳಿದ್ದು ಒಂದೇ ಮಾತು: "ತಮ್ಮಾ, ಹಳೇದರಾಗ ನನ್ನ ಹದಿನೈದು ವರ್ಷದ ಬರಹ ಐತಿ. ಅದನ್ನ ಮುಟ್ಟಬ್ಯಾಡ."

ಮುಟ್ಟಬಾರದು ಅಂದ್ರೆ ಇನ್‌ಸ್ಟಾಲ್ ಮಾಡುವಾಗ ಎರಡನೇ ಡಿಸ್ಕ್ ಆರಿಸಿಕೊಂಡರೆ ಸಾಕು ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಎಂಟೆಕ್ ಮುಗಿಸಿದ ಹೊಸತರಲ್ಲಿ ನನ್ನ ಡೆಸ್ಕ್‌ಟಾಪ್‌ಗೆ ಹಾಗೇ ಮಾಡಿದ್ದೆ. ಎರಡು ವರ್ಷ ಚೆನ್ನಾಗೇ ನಡೀತು. ಆಮೇಲೆ ಮೊದಲನೇ ಡಿಸ್ಕ್ ಟಕ್ ಟಕ್ ಸದ್ದು ಮಾಡೋಕೆ ಶುರು ಮಾಡ್ತು, ತೆಗೆದು ಪಕ್ಕಕ್ಕಿಟ್ಟೆ. ಅವತ್ತಿಂದ ಲಿನಕ್ಸೂ ಬೂಟ್ ಆಗಲಿಲ್ಲ! ಫೈಲೆಲ್ಲ ಎರಡನೇ ಡಿಸ್ಕ್‌ನಲ್ಲಿ ಭದ್ರವಾಗಿದ್ದವು. ಬೂಟ್‌ಲೋಡರ್ ಮಾತ್ರ ಮೊದಲನೆಯದರಲ್ಲಿ ಕೂತಿತ್ತು.

ಯಾಕೆ ಹೀಗೆ? ಈಗಿನ ಕಂಪ್ಯೂಟರ್‌ಗಳಲ್ಲಿ ಬಯೋಸ್ ಜಾಗಕ್ಕೆ ಬಂದಿರೋದು ಯುಇಎಫ್‌ಐ. ಅದು ಬೂಟ್ ಫೈಲ್ ಹುಡುಕೋದು ಇಎಸ್‌ಪಿ ಅನ್ನೋ ಒಂದು ಚಿಕ್ಕ ಪಾರ್ಟಿಷನ್‌ನಲ್ಲಿ, ಕೆಲವು ನೂರು ಎಂಬಿ ಅಷ್ಟೇ. ಮೊದಲ ಡಿಸ್ಕ್‌ನಲ್ಲಿ ಇಎಸ್‌ಪಿ ಆಗಲೇ ಇದ್ದರೆ, ಇನ್‌ಸ್ಟಾಲರ್ "ಇದೆಯಲ್ಲ, ಇದನ್ನೇ ಬಳಸೋಣ" ಅಂತ ಅಲ್ಲೇ ಬರೆದುಬಿಡಬಹುದು. ಉಬುಂಟುವಿನ ಹಳೆಯ ಇನ್‌ಸ್ಟಾಲರ್‌ನಲ್ಲಿ ಬೂಟ್‌ಲೋಡರ್‌ಗೆ ಬೇರೆ ಡಿಸ್ಕ್ ಆರಿಸಿದರೂ ಕೇಳ್ತಿರಲಿಲ್ಲ. ವಿಂಡೋಸ್ ಸೆಟಪ್ ಏನೂ ಕಮ್ಮಿ ಇಲ್ಲ, ಅದೂ ಇದೇ ಬುದ್ಧಿ ತೋರಿಸುತ್ತೆ. ಠಾಣೆ ಲೆಕ್ಕದಲ್ಲಿ ಹೇಳಬೇಕು ಅಂದ್ರೆ, ನಿಮ್ಮ ಫ್ಲ್ಯಾಟ್ ಬಿ ವಿಂಗ್‌ನಲ್ಲಿ, ಕೀಲಿ ಎ ವಿಂಗ್ ವಾಚ್‌ಮನ್ ಹತ್ತಿರ. ಎ ವಿಂಗ್ ರೀಡೆವಲಪ್‌ಮೆಂಟ್‌ಗೆ ಹೋದ ದಿನ ನೀವು ಬೀದಿಗೆ.

ಅದಕ್ಕೇ ನನ್ನ ಪದ್ಧತಿ ಸಿಂಪಲ್. ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕ್ ಮಷೀನ್‌ನಲ್ಲೇ ಇರಬಾರದು. ಡೆಸ್ಕ್‌ಟಾಪ್ ಆದರೆ ಸಾಟಾ ಕೇಬಲ್ ಎಳೆದರಾಯ್ತು. ಲ್ಯಾಪ್‌ಟಾಪ್ ಆದರೆ ಹಿಂದಿನ ಕವರ್ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದು, ಆಮೇಲೆ ಡಿಸ್ಕ್ ತೆಗೀರಿ. ಒಂದೇ ಡಿಸ್ಕ್ ಇದ್ದಾಗ "ಪೂರ್ತಿ ಡಿಸ್ಕ್ ಅಳಿಸು" ಅನ್ನೋ ಆಯ್ಕೆಗೂ ಹೆದರಬೇಕಿಲ್ಲ. ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಅಂತ ರಾತ್ರಿ ಹನ್ನೊಂದಕ್ಕೆ ಕಣ್ಣುಜ್ಜಿಕೊಂಡು ಊಹೆ ಮಾಡೋ ಗತಿ ಬರಲ್ಲ. ಎಸ್‌ಎಸ್‌ಡಿ ಕೊಳ್ಳುವ ಮುಂಚೆ ಮಾತ್ರ ನಿಮ್ಮ ಎಂ.2 ಸ್ಲಾಟ್ ಸಾಟಾದೋ ಎನ್‌ವಿಎಂಇದೋ ನೋಡಿಕೊಳ್ಳಿ. ನೋಡೋಕೆ ಎರಡೂ ಒಂದೇ ಥರ.

ಬಿಚ್ಚುವ ಮುಂಚೆ, ವಿಂಡೋಸ್ ಇನ್ನೂ ಓಡ್ತಿರುವಾಗಲೇ ಮಾಡಬೇಕಾದ್ದು ಮೂರು. ಮುಖ್ಯವಾದ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬೂಟ್ ಸೆಟ್ಟಿಂಗ್ ಬದಲಾದರೆ ಅದನ್ನು ಕೇಳಬಹುದು. ಆಮೇಲೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಅರ್ಧ ನಿದ್ದೇಲಿರುತ್ತೆ, ಲಿನಕ್ಸ್‌ನಿಂದ ಆ ಡಿಸ್ಕ್‌ಗೆ ಬರೆಯೋಕೆ ಹೋದರೆ ತಕರಾರು.

ಇನ್‌ಸ್ಟಾಲ್ ಆಯ್ತಾ? ಎಸ್‌ಎಸ್‌ಡಿಯಿಂದಲೇ ಒಂದು ಸಲ ಬೂಟ್ ಆಗುತ್ತಾ ನೋಡಿ. ಆಫ್ ಮಾಡಿ, ಹಳೇ ಡಿಸ್ಕ್ ವಾಪಸ್ ಜೋಡಿಸಿ. ಇನ್ಮುಂದೆ ಪವರ್ ಒತ್ತಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಬೇಕಾದ್ದನ್ನು ಆರಿಸಿಕೊಳ್ಳಿ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣಿಸದೇ ಇರಬಹುದು. ಇರಲಿ ಬಿಡಿ, ಒಂದು ಡಿಸ್ಕ್ ಕೆಟ್ಟರೂ ಇನ್ನೊಂದು ತನ್ನ ಪಾಡಿಗೆ ಏಳಬೇಕು ಅನ್ನೋದೇ ನಮ್ಮ ಉದ್ದೇಶ.

ಮಾರನೇ ದಿನ ಕಾಕಾ ಫೋನ್: "ಗಡಿಯಾರ ತಪ್ಪೈತಲ್ಲೋ!" ವಿಂಡೋಸ್‌ಗೆ ಹೋದಾಗ ಸರಿಯಾಗಿ ಐದೂವರೆ ಗಂಟೆ ಹಿಂದೆ. ವೈರಸ್ ಅಲ್ಲ ಕಾಕಾ ಅಂದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂತ ಓದುತ್ತೆ. ಲಿನಕ್ಸ್‌ನಲ್ಲಿ ಒಂದು ಸಾಲಿನ ಕಮಾಂಡ್‌ನಿಂದ ಸರಿಹೋಗುತ್ತೆ, ವಿಡಿಯೋದಲ್ಲಿ ಸ್ಕ್ರೀನ್ ಮೇಲೆ ತೋರಿಸಿದ್ದೀನಿ.

ಟೈಪಿಂಗ್‌ಗೆ ಅವರೇನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಐಬಸ್‌ಗೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ಅಂದ್ರೆ ನುಡಿಯಲ್ಲಿ ರೂಢಿಯಾಗಿದ್ದ ಅದೇ ಕೆಜಿಪಿ, ಸಿಗುತ್ತೆ. ಹಳೇ ಬರಹ ಮಾತ್ರ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತೆ. ಸದ್ಯಕ್ಕೆ ಕಾಕಾ ಅದನ್ನೆಲ್ಲ ಓದೋಕೆ ವೈಫೈ ಆಫ್ ಮಾಡಿ ಹಳೇ ಡಿಸ್ಕ್‌ಗೇ ಹೋಗ್ತಾರೆ. ಆ ಫೈಲ್‌ಗಳನ್ನು ಯೂನಿಕೋಡ್‌ಗೆ ತರೋ ಕೆಲಸ ಈ ಭಾನುವಾರ ಶುರು, ಅದರ ವಿಡಿಯೋ ಆಮೇಲೆ.